ಕಂಟೇನರ್ ಅಳಿಸಿದಾಗ ಹೋದ ಹಾಲಿನ ಲೆಕ್ಕ: ಪೆರ್ಲದ ಓದುಗರಿಗೆ ಉತ್ತರ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಪೆರ್ಲ ಸಮೀಪದ ಒಂದು ಹಾಲು ಉತ್ಪಾದಕರ ಸಂಘದಲ್ಲಿ ಕೆಲಸ ಮಾಡುತ್ತೇನೆ. ಹಾಲಿನ ಲೆಕ್ಕದ ತಂತ್ರಾಂಶವನ್ನು ನನ್ನ ಅಕ್ಕನ ಮಗ ಬರೆದುಕೊಟ್ಟಿದ್ದಾನೆ. ಉಬುಂಟು ಸರ್ವರ್ 24.04 ಹಾಕಿದ ಒಂದೇ ಯಂತ್ರದಲ್ಲಿ, ತಂತ್ರಾಂಶಗಳನ್ನು ಕಂಟೇನರ್ ಎಂಬ ಬೇರೆ ಬೇರೆ ಆವರಣಗಳಲ್ಲಿ ಓಡಿಸುವ ಡಾಕರ್ ಮೂಲಕ ಮೂರು ಕಂಟೇನರ್‌ಗಳು ನಡೆಯುತ್ತವೆ: ವೆಬ್ ಸರ್ವರ್, ತಂತ್ರಾಂಶ ಮತ್ತು ಪೋಸ್ಟ್‌ಗ್ರೆಸ್ 16 ಡೇಟಾಬೇಸ್. ಕಳೆದ ತಿಂಗಳು ಡೇಟಾಬೇಸ್ ಕಂಟೇನರನ್ನು ಅಳಿಸಿ ಹೊಸದಾಗಿ ಶುರು ಮಾಡಿದಾಗ ಎರಡು ತಿಂಗಳ ಲೆಕ್ಕ ಮಾಯವಾಯಿತು, ಈಗ ಪುಸ್ತಕ ನೋಡಿ ಪುನಃ ತುಂಬಿಸುತ್ತಿದ್ದೇವೆ. ಸಂಜೆ ನಾವೇ ಯಂತ್ರವನ್ನು ನಿಲ್ಲಿಸಿದರೆ ಬೆಳಿಗ್ಗೆ ಎಲ್ಲವೂ ಸರಿಯಾಗಿ ಏಳುತ್ತದೆ, ಆದರೆ ಕರೆಂಟು ಹೋಗಿ ಬಂದರೆ ಹೆಚ್ಚಿನ ಸಲ ತಂತ್ರಾಂಶ ಏಳುವುದಿಲ್ಲ. ಐದು ಗಂಟೆಗೇ ಹಾಲು ತರುವವರ ಚೀಟಿಯಲ್ಲಿ ಹಿಂದಿನ ದಿನದ ತಾರೀಕು ಬರುತ್ತದೆ. ತಿಂಗಳ ಪಟ್ಟಿಯ ಪಿಡಿಎಫ್‌ನಲ್ಲಿ ಸದಸ್ಯರ ಹೆಸರಿನ ಜಾಗದಲ್ಲಿ ಬರೀ ಚೌಕಗಳು ಕಾಣುತ್ತವೆ. ಕುಬರ್ನೆಟಿಸ್ ಹಾಕಿದರೆ ಇದೆಲ್ಲ ಸರಿಯಾಗುತ್ತದೆ ಎಂದು ಹುಡುಗ ಹೇಳುತ್ತಾನೆ. ಏನು ಮಾಡಬೇಕು?

ಉತ್ತರ: ಮೊದಲು ಒಂದು ತುರ್ತಿನ ಮಾತು. ಪುಸ್ತಕ ನೋಡಿ ತುಂಬಿಸುವುದನ್ನು ಇವತ್ತಿಗೆ ನಿಲ್ಲಿಸಿ. ಡಿಸ್ಕಿನಲ್ಲಿ ಜಾಗ ಮಾಡಿಕೊಳ್ಳಲು ಡಾಕರ್‌ನ ‘ಪ್ರೂನ್’ (ಬಳಕೆಯಲ್ಲಿಲ್ಲದ್ದನ್ನು ಅಳಿಸುವ) ಕಮಾಂಡನ್ನು ಯಾರೂ ಓಡಿಸದಂತೆ ನೋಡಿಕೊಳ್ಳಿ. ನಿಮ್ಮ ಎರಡು ತಿಂಗಳ ಲೆಕ್ಕ ಬಹುಶಃ ಇನ್ನೂ ಆ ಯಂತ್ರದಲ್ಲೇ ಇದೆ.

ಕಾರಣ ಹೀಗಿದೆ. ಪೋಸ್ಟ್‌ಗ್ರೆಸ್‌ನ ಅಧಿಕೃತ ಇಮೇಜು (ಕಂಟೇನರನ್ನು ಎಬ್ಬಿಸಲು ಬಳಸುವ ಸಿದ್ಧ ಅಚ್ಚು) ತನ್ನ ದತ್ತಾಂಶವನ್ನು ಕಂಟೇನರಿನ ಹೊರಗೆ ಒಂದು ವಾಲ್ಯೂಮಿನಲ್ಲಿ, ಅಂದರೆ ಡಾಕರ್ ನೋಡಿಕೊಳ್ಳುವ ಒಂದು ಫೋಲ್ಡರಿನಲ್ಲಿ, ಇಡುವಂತೆ ಮೊದಲೇ ಸಿದ್ಧವಾಗಿರುತ್ತದೆ. ಶುರು ಮಾಡುವಾಗ ನೀವು ವಾಲ್ಯೂಮಿಗೆ ಹೆಸರು ಕೊಡದಿದ್ದರೆ ಡಾಕರ್ ತಾನೇ 64 ಅಕ್ಷರಗಳ ಒಂದು ಅರ್ಥವಿಲ್ಲದ ಹೆಸರಿಟ್ಟು ಹೊಸ ವಾಲ್ಯೂಮನ್ನು ಮಾಡುತ್ತದೆ. ಕಂಟೇನರನ್ನು ಅಳಿಸಿ ಮತ್ತೆ ಮಾಡಿದಾಗ ಹೊಸ ಕಂಟೇನರಿಗೆ ಇನ್ನೊಂದು ಖಾಲಿ ವಾಲ್ಯೂಮು ಸಿಗುತ್ತದೆ, ಹಳೆಯದು ಯಾರಿಗೂ ಸೇರದೆ ಡಿಸ್ಕಿನ ಮೂಲೆಯಲ್ಲಿ ಉಳಿಯುತ್ತದೆ. ಅಳಿಸುವಾಗ ವಾಲ್ಯೂಮನ್ನೂ ಸೇರಿಸಿ ಅಳಿಸುವ ‘ವಿ’ ಎಂಬ ಆಯ್ಕೆಯನ್ನು ಕೊಟ್ಟಿದ್ದರೆ, ಅಥವಾ ನಿಂತೊಡನೆ ತಾನಾಗಿ ಅಳಿಯುವಂತೆ ಕಂಟೇನರನ್ನು ಓಡಿಸಿದ್ದರೆ ಮಾತ್ರ ಅದು ನಿಜವಾಗಿ ಹೋಗಿರುತ್ತದೆ. 2023ರಲ್ಲಿ ಬಂದ ಡಾಕರ್ 23ನೇ ಆವೃತ್ತಿಯಿಂದೀಚೆಗೆ ವಾಲ್ಯೂಮ್ ಪ್ರೂನ್ ಕಮಾಂಡು ಇಂತಹ ಹೆಸರಿಲ್ಲದ ಅನಾಥ ವಾಲ್ಯೂಮುಗಳನ್ನೇ ಆರಿಸಿ ಅಳಿಸುತ್ತದೆ, ಆದ್ದರಿಂದಲೇ ಈ ಎಚ್ಚರಿಕೆಯನ್ನು ಎಲ್ಲಕ್ಕಿಂತ ಮೊದಲು ಹೇಳಿದೆ.

ಹುಡುಕುವ ಕ್ರಮ ಕಷ್ಟದ್ದಲ್ಲ. ವಾಲ್ಯೂಮುಗಳ ಪಟ್ಟಿಯನ್ನು ಗಾತ್ರದೊಂದಿಗೆ ತೆಗೆಯಿರಿ. ಉದ್ದ ಹೆಸರಿನ ಪ್ರತಿಯೊಂದರ ಫೋಲ್ಡರನ್ನು ನಿರ್ವಾಹಕನ ಅಧಿಕಾರದಲ್ಲಿ ತೆರೆದು ನೋಡಿ. ‘ಪಿಜಿ ವರ್ಷನ್’ ಎಂಬ ಪುಟ್ಟ ಕಡತ ಇದ್ದು, ಅದರೊಳಗೆ 16 ಎಂಬ ಅಂಕೆಯಷ್ಟೇ ಇದ್ದರೆ ಅದು ಪೋಸ್ಟ್‌ಗ್ರೆಸ್‌ನ ದತ್ತಾಂಶ. ಅಂಥವು ಎರಡು ಸಿಕ್ಕಿದರೆ ಒಂದು ಈಗ ನಡೆಯುತ್ತಿರುವುದು, ಇನ್ನೊಂದು ನೀವು ಕಳೆದುಕೊಂಡದ್ದು. ಯಾವುದು ಯಾವುದೆಂದು ಒಳಗಿನ ಕಡತಗಳ ಕೊನೆಯ ದಿನಾಂಕದಿಂದ ತಿಳಿಯುತ್ತದೆ. ಆ ಹಳೆಯ ಫೋಲ್ಡರನ್ನು ನೇರವಾಗಿ ಮುಟ್ಟದೆ, ಮಾಲಿಕತ್ವ ಮತ್ತು ಅನುಮತಿಗಳು ಬದಲಾಗದಂತೆ ಮೊದಲು ಪೂರ್ತಿಯಾಗಿ ನಕಲು ಮಾಡಿ, ಆ ನಕಲನ್ನು ಮಾತ್ರ ಒಂದು ತಾತ್ಕಾಲಿಕ ಪೋಸ್ಟ್‌ಗ್ರೆಸ್ 16 ಕಂಟೇನರಿಗೆ ಜೋಡಿಸಿ. ಹಿಂದೆ ಬಳಸಿದ ಬಗೆಯ ಇಮೇಜನ್ನೇ ಬಳಸಬೇಕು, ಏಕೆಂದರೆ ಆಲ್ಪೈನ್ ಎಂಬ ಲಿನಕ್ಸಿನ ಇಮೇಜಿನಲ್ಲಿ ಬರೆದದ್ದನ್ನು ಡೆಬಿಯನ್ ಎಂಬ ಇನ್ನೊಂದು ಲಿನಕ್ಸಿನ ಇಮೇಜಿನಲ್ಲಿ ತೆರೆದರೆ ಅಕ್ಷರಗಳ ಅನುಕ್ರಮ ಬೇರೆಯಾಗಿ ಸೂಚಿಗಳು (ಇಂಡೆಕ್ಸ್) ಕೆಡಬಹುದು. ದತ್ತಾಂಶ ಮೊದಲೇ ಇರುವುದರಿಂದ ಹೊಸ ಪಾಸ್‌ವರ್ಡ್ ಕೊಟ್ಟರೂ ಇಮೇಜು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹಳೆಯದೇ ನಡೆಯುತ್ತದೆ. ಕಂಟೇನರ್ ಎದ್ದ ಮೇಲೆ ‘ಪಿಜಿ ಡಂಪ್’ ಎಂಬ ಪೋಸ್ಟ್‌ಗ್ರೆಸ್‌ನ ಸಾಧನದ ಮೂಲಕ ಪೂರ್ತಿ ಪ್ರತಿ ತೆಗೆದು ಪೆನ್‌ಡ್ರೈವಿಗೂ ಹಾಕಿ. ಹಳೆಯದನ್ನೂ ಹೊಸದನ್ನೂ ಒಂದುಗೂಡಿಸುವಾಗ ಕ್ರಮಸಂಖ್ಯೆಗಳು ಒಂದರ ಮೇಲೊಂದು ಬೀಳುವ ಅಪಾಯವಿರುವುದರಿಂದ ಆ ಕೆಲಸವನ್ನು ತಂತ್ರಾಂಶ ಬರೆದ ಹುಡುಗನೇ ಮಾಡಲಿ.

ಈಗ ಮೂಲ ವಿಷಯಕ್ಕೆ ಬರುತ್ತೇನೆ. ಕಂಟೇನರ್ ಎಂಬುದು ಸಾಮಾನು ತುಂಬಿಡುವ ಪೆಟ್ಟಿಗೆಯಲ್ಲ, ಆದರೆ ಹೆಸರು ಕೇಳಿದವರಿಗೆಲ್ಲ ಹಾಗೆ ಅನಿಸುತ್ತದೆ. ಅದು ನಿಮ್ಮ ಉಬುಂಟುವಿನ ತಿರುಳಾದ ಕರ್ನೆಲ್ ಮೇಲೆಯೇ ಓಡುವ ಒಂದು ಸಾಮಾನ್ಯ ಪ್ರಕ್ರಿಯೆ. ನೇಮ್‌ಸ್ಪೇಸ್ ಎಂಬ ಏರ್ಪಾಡು ಆ ಪ್ರಕ್ರಿಯೆಗೆ ಬೇರೆ ಕಡತಗಳು, ಬೇರೆ ನೆಟ್‌ವರ್ಕು, ಬೇರೆ ಪ್ರಕ್ರಿಯೆಗಳ ಪಟ್ಟಿ ಕಾಣುವಂತೆ ಮಾಡುತ್ತದೆ, ಸಿಗ್ರೂಪ್ ಎಂಬುದು ಅದು ಎಷ್ಟು ಮೆಮೊರಿ ಮತ್ತು ಪ್ರೊಸೆಸರ್ ತಿನ್ನಬಹುದೆಂದು ಮಿತಿ ಹಾಕುತ್ತದೆ. ಇಷ್ಟನ್ನು ಒಪ್ಪಿಕೊಂಡರೆ ನಡೆಸುವ ಕ್ರಮವೂ ತಾನಾಗಿ ಹೊಳೆಯುತ್ತದೆ: ಕಂಟೇನರ್ ಯಾವ ಗಳಿಗೆಯಲ್ಲಿ ಅಳಿದರೂ ಸಂಘಕ್ಕೆ ನಷ್ಟವಾಗಬಾರದು, ಹಾಗಾಗಬೇಕಾದರೆ ದತ್ತಾಂಶವು ಹೆಸರಿಟ್ಟ ವಾಲ್ಯೂಮಿನಲ್ಲಿಯೂ, ಓಡಿಸುವ ವಿವರಗಳು ಒಂದು ಕಡತದಲ್ಲಿಯೂ ಇರಬೇಕು, ಮತ್ತು ಎಬ್ಬಿಸುವ, ನಿಲ್ಲಿಸುವ ಹೊಣೆ ಆಪರೇಟಿಂಗ್ ಸಿಸ್ಟಮಿನದ್ದಾಗಿರಬೇಕು. ನಿಮ್ಮಲ್ಲಿ ಈ ವಿವರಗಳೆಲ್ಲ ಇರುವುದು ಹುಡುಗನ ನೆನಪಿನಲ್ಲಿ ಮತ್ತು ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಶುರು ಮಾಡುವ ಕ್ರಾನ್‌ನಲ್ಲಿ ಅವನು ಬರೆದಿಟ್ಟ ಒಂದು ಸಾಲಿನಲ್ಲಿ ಎಂದು ನನ್ನ ಊಹೆ.

ಆ ಊಹೆಗೆ ಆಧಾರ ನಿಮ್ಮ ಪ್ರಶ್ನೆಯಲ್ಲೇ ಇದೆ. ನೀವಾಗಿ ನಿಲ್ಲಿಸಿದ ಮರುದಿನ ಎಲ್ಲವೂ ಏಳುತ್ತದೆ, ಕರೆಂಟು ಹೋದಾಗ ಮಾತ್ರ ಏಳುವುದಿಲ್ಲ ಎಂದು ಬರೆದಿದ್ದೀರಿ. ಸರಿಯಾಗಿ ನಿಲ್ಲಿಸಿದ ಪೋಸ್ಟ್‌ಗ್ರೆಸ್ ಒಂದೆರಡು ಸೆಕೆಂಡಿನಲ್ಲಿ ಸಿದ್ಧವಾಗುತ್ತದೆ. ತಟ್ಟನೆ ಕರೆಂಟು ಹೋದಾಗ ಅದು ಕೊನೆಯ ಚೆಕ್‌ಪಾಯಿಂಟಿನಿಂದ (ಎಲ್ಲವನ್ನೂ ಡಿಸ್ಕಿಗೆ ಸೇರಿಸಿ ಮುಗಿಸಿದ ಕ್ಷಣದಿಂದ) ಈಚೆಗೆ ಬರೆದಿಟ್ಟ ವಾಲ್ ಎಂಬ ಬದಲಾವಣೆಗಳ ದಾಖಲೆಯನ್ನು ಮೊದಲಿನಿಂದ ಓದಿ ಲೆಕ್ಕವನ್ನು ಸರಿಪಡಿಸಿಕೊಳ್ಳಬೇಕು, ಅಷ್ಟು ಹೊತ್ತು ಯಾರು ಬಂದು ಕೇಳಿದರೂ ‘ಇನ್ನೂ ಶುರುವಾಗುತ್ತಿದ್ದೇನೆ’ ಎಂಬರ್ಥದ ಉತ್ತರ ಕೊಟ್ಟು ಕಳುಹಿಸುತ್ತದೆ. ಮೂರೂ ಕಂಟೇನರ್‌ಗಳು ಒಟ್ಟಿಗೆ ಶುರುವಾದಾಗ ತಂತ್ರಾಂಶವು ಆ ಉತ್ತರವನ್ನು ಕೇಳಿ ದೋಷವೆಂದು ತಿಳಿದು ನಿಂತುಬಿಡುತ್ತದೆ, ಮತ್ತೆ ಎಬ್ಬಿಸುವವರು ಯಾರೂ ಇರುವುದಿಲ್ಲ. ಡಾಕರ್‌ನಲ್ಲಿ ಪುನರಾರಂಭದ ನಿಯಮವನ್ನು ನೀವು ಹೇಳದಿದ್ದರೆ ಅದು ‘ಬೇಡ’ ಎಂದೇ ಇರುತ್ತದೆ. ಇಲ್ಲಿ ಕೆಟ್ಟದ್ದು ಯಾವುದೂ ಇಲ್ಲ, ಕಾಯುವ ಏರ್ಪಾಡು ಇಲ್ಲ ಅಷ್ಟೆ.

ಡಾಕರ್‌ನಲ್ಲೇ ‘ಯಾವಾಗಲೂ’ ಎಂಬ ನಿಯಮ ಹಾಕಿಯೂ ಇದನ್ನು ಸರಿಪಡಿಸಬಹುದು, ಇವತ್ತೇ ಅದನ್ನು ಮಾಡಿ. ಆದರೆ ಒಂದೇ ಯಂತ್ರ, ಒಬ್ಬರೇ ನೋಡಿಕೊಳ್ಳುವವರು ಇರುವ ಕಡೆ ನಾನು ಡಾಕರ್‌ನಂತೆಯೇ ಕಂಟೇನರ್ ಓಡಿಸುವ ಪೋಡ್‌ಮ್ಯಾನನ್ನು ಶಿಫಾರಸು ಮಾಡುತ್ತೇನೆ. ಡಾಕರ್‌ನಲ್ಲಿ ಎಲ್ಲ ಕಂಟೇನರ್‌ಗಳ ಉಸ್ತುವಾರಿಗೆ ಹಿನ್ನೆಲೆಯಲ್ಲಿ ಒಂದು ಡೀಮನ್ (ಉಸ್ತುವಾರಿ ಪ್ರಕ್ರಿಯೆ) ಸದಾ ಓಡುತ್ತಿರಬೇಕು, ಪೋಡ್‌ಮ್ಯಾನ್‌ಗೆ ಅಂತಹ ನಡುವಿನ ಯಜಮಾನ ಬೇಡ. ಉಬುಂಟುವಿನಲ್ಲಿ ಉಳಿದೆಲ್ಲ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯೇ ಕಂಟೇನರ್‌ಗಳನ್ನೂ ಎಬ್ಬಿಸುತ್ತದೆ. 2023ರ ಪೋಡ್‌ಮ್ಯಾನ್ 4.4ರಲ್ಲಿ ಕ್ವಾಡ್ಲೆಟ್ ಎಂಬ ಸೌಲಭ್ಯ ಅದರೊಳಗೇ ಸೇರಿತು. ಉಬುಂಟು 24.04ರಲ್ಲಿರುವುದು ಪೋಡ್‌ಮ್ಯಾನ್ 4.9 ಆದ್ದರಿಂದ ನಿಮಗೆ ಅದು ಸಿಗುತ್ತದೆ. ಡೆಬಿಯನ್ 12 ಹಾಕಿಕೊಂಡವರಿಗೆ 4.3 ಬರುವುದರಿಂದ ಸಿಗುವುದಿಲ್ಲ.

ಕ್ವಾಡ್ಲೆಟ್ ಎಂದರೆ ಒಂದೊಂದು ಕಂಟೇನರಿಗೆ ಎಂಟು ಹತ್ತು ಸಾಲಿನ ಒಂದೊಂದು ಕಡತ. ಮೊದಲ ಭಾಗದಲ್ಲಿ ಇಮೇಜಿನ ಪೂರ್ಣ ಹೆಸರು, ವಾಲ್ಯೂಮು ಮತ್ತು ಸಮಯವಲಯ ಇರುತ್ತವೆ, ಎರಡನೆಯದರಲ್ಲಿ ಪುನರಾರಂಭದ ನಿಯಮ, ಮೂರನೆಯದರಲ್ಲಿ ಬೂಟ್ ಆಗುವಾಗ ಏಳಬೇಕೆಂಬ ಸೂಚನೆ. ಸಂಘಕ್ಕೆಂದೇ ಒಂದು ಸಾಮಾನ್ಯ ಬಳಕೆದಾರ ಖಾತೆ ತೆರೆದು, ಆ ಖಾತೆಯ ಮನೆ ಫೋಲ್ಡರಿನಲ್ಲಿ ಕಾನ್ಫಿಗ್, ಅದರೊಳಗೆ ಕಂಟೇನರ್ಸ್, ಅದರೊಳಗೆ ಸಿಸ್ಟಮ್‌ಡಿ ಎಂಬ ಫೋಲ್ಡರಿನಲ್ಲಿ ಈ ಕಡತಗಳನ್ನು ಇಟ್ಟರೆ ಎಲ್ಲವೂ ರೂಟ್ (ನಿರ್ವಾಹಕನ) ಅಧಿಕಾರವಿಲ್ಲದೆ ನಡೆಯುತ್ತದೆ. ಕ್ವಾಡ್ಲೆಟ್ ಮೂಲಕ ಓಡುವ ಕಂಟೇನರ್ ನಿಂತಾಗಲೆಲ್ಲ ತಾನಾಗಿ ಅಳಿಯುತ್ತದೆ, ಹೆಸರಿಲ್ಲದ ವಾಲ್ಯೂಮು ಇದ್ದರೆ ಅದೂ ಜೊತೆಗೆ ಹೋಗುತ್ತದೆ. ನಿಮಗೆ ಆದದ್ದನ್ನು ನೋಡಿದರೆ ಇದು ಭಯ ಹುಟ್ಟಿಸಬಹುದು. ನಾನು ಇದನ್ನು ಒಳ್ಳೆಯ ಗುಣವೆಂದೇ ಎಣಿಸುತ್ತೇನೆ, ಏಕೆಂದರೆ ವಾಲ್ಯೂಮಿಗೆ ಹೆಸರಿಡಲು ಮರೆತಿದ್ದರೆ ಆ ತಪ್ಪು ಎರಡು ತಿಂಗಳ ನಂತರ ಅಲ್ಲ, ಮೊದಲ ದಿನದ ಪ್ರಯೋಗದಲ್ಲೇ ಬಯಲಾಗುತ್ತದೆ.

ಇಲ್ಲಿ ಹೊಸಬರು ಎಡವುವ ಕೆಲವು ಜಾಗಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಸಾಮಾನ್ಯ ಖಾತೆಯ ಸೇವೆಗಳು ಆ ಖಾತೆಯವರು ಲಾಗಿನ್ ಆಗಿರುವಾಗ ಮಾತ್ರ ಓಡುತ್ತವೆ. ಲಾಗಿನ್ ಇಲ್ಲದೆಯೂ ಓಡಬೇಕಾದರೆ ‘ಲಾಗಿನ್‌ಸಿಟಿಎಲ್’ ಮೂಲಕ ಆ ಖಾತೆಗೆ ‘ಲಿಂಗರ್’ ಅನುಮತಿ ಕೊಡಬೇಕು. ಇದನ್ನು ಮರೆತರೆ ನೀವು ಲಾಗ್‌ಔಟ್ ಮಾಡಿ ಎದ್ದು ಹೋದ ಕೂಡಲೇ ಡೇಟಾಬೇಸೂ ನಿಲ್ಲುತ್ತದೆ. ಕ್ವಾಡ್ಲೆಟ್‌ನ ಸೇವೆಯನ್ನು ‘ಎನೇಬಲ್’ ಮಾಡಲು ಹೋದರೆ ಅದು ಉತ್ಪಾದಿತ ಕಡತವೆಂದು ಸಿಸ್ಟಮ್‌ಡಿ ನಿರಾಕರಿಸುತ್ತದೆ, ಬೂಟ್‌ನ ಸೂಚನೆಯನ್ನು ಕಡತದ ಮೂರನೆಯ ಭಾಗದಲ್ಲೇ ಬರೆದು ‘ಡೀಮನ್ ರೀಲೋಡ್’ ಮಾಡಿದರೆ ಸಾಕು. ಸಾಮಾನ್ಯ ಖಾತೆಯಾದ್ದರಿಂದ ಅಲ್ಲಿ ಬರೆಯಬೇಕಾದದ್ದು ‘ಡೀಫಾಲ್ಟ್ ಟಾರ್ಗೆಟ್’ ಎಂದು, ‘ಮಲ್ಟಿ ಯೂಸರ್ ಟಾರ್ಗೆಟ್’ ಎಂದಲ್ಲ. ಹೆಸರು ಕೊಡದಿದ್ದರೆ ಕಂಟೇನರಿನ ಹೆಸರಿನ ಮುಂದೆ ‘ಸಿಸ್ಟಮ್‌ಡಿ’ ಎಂಬ ಪದ ಸೇರಿಕೊಂಡು, ತಂತ್ರಾಂಶವು ಡೇಟಾಬೇಸನ್ನು ಹಳೆಯ ಹೆಸರಿನಲ್ಲಿ ಕರೆದರೆ ಸಿಗುವುದಿಲ್ಲ.

ಪುನರಾರಂಭದ ನಿಯಮದಲ್ಲಿ ಒಂದು ಸೂಕ್ಷ್ಮವಿದೆ. ‘ಯಾವಾಗಲೂ’ ಎಂದಷ್ಟೇ ಬರೆದರೆ ಸಿಸ್ಟಮ್‌ಡಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮತ್ತೆ ಎಬ್ಬಿಸುತ್ತದೆ, 10 ಸೆಕೆಂಡಿನೊಳಗೆ 5 ಸಲ ಎಬ್ಬಿಸಿಯೂ ಮತ್ತೆ ಬಿದ್ದರೆ ಕೈಬಿಡುತ್ತದೆ. ಪೋಸ್ಟ್‌ಗ್ರೆಸ್ ತನ್ನ ದಾಖಲೆ ಓದಿ ಮುಗಿಸುವ ಮೊದಲೇ ಆ ಐದೂ ಪ್ರಯತ್ನಗಳು ಮುಗಿದುಹೋಗಬಹುದು. ನಡುವಿನ ಬಿಡುವನ್ನು 10 ಸೆಕೆಂಡಿಗೆ ಏರಿಸಿದರೆ ಆ ಮಿತಿ ಎಂದಿಗೂ ತಾಗುವುದಿಲ್ಲ, ಡೇಟಾಬೇಸ್ ಸಿದ್ಧವಾಗುವ ತನಕ ತಂತ್ರಾಂಶವು ತಾಳ್ಮೆಯಿಂದ ಮತ್ತೆ ಮತ್ತೆ ಕೇಳುತ್ತಿರುತ್ತದೆ. ನಿಲ್ಲಿಸುವ ಕಡೆಯೂ ಬಿಡುವು ಬೇಕು. ನಿಲ್ಲು ಎಂದು ಹೇಳಿ 10 ಸೆಕೆಂಡು ಕಾದು ಬಲವಂತವಾಗಿ ಕೊಲ್ಲುವುದು ಕಂಟೇನರ್‌ಗಳ ಮಾಮೂಲು ಕ್ರಮ. ಡೇಟಾಬೇಸಿಗೆ ಅಷ್ಟು ಸಾಲದು, 90 ಸೆಕೆಂಡು ಕೊಡಿ, ಸಿಸ್ಟಮ್‌ಡಿಯ ಗಡುವನ್ನು ಅದಕ್ಕಿಂತ ಮೇಲೆ 120ಕ್ಕೆ ಇಡಿ. ಸಿಸ್ಟಮ್‌ಡಿಯ ದಾಖಲೆಯಲ್ಲಿ 137 ಎಂಬ ಸಂಖ್ಯೆ ಕಂಡರೆ ಬಲವಂತದ ಅಂತ್ಯವೆಂದು ತಿಳಿಯಿರಿ: 128ಕ್ಕೆ, ಕೊಲ್ಲುವ ಸಂಕೇತವಾದ 9ನ್ನು ಕೂಡಿಸಿದರೆ ಬರುವ ಸಂಖ್ಯೆ ಅದು.

ಇನ್ನೊಂದು ದೃಶ್ಯ ನಿಮ್ಮನ್ನು ಗಾಬರಿಪಡಿಸದಿರಲಿ. ರೂಟ್ ಇಲ್ಲದ ಪೋಡ್‌ಮ್ಯಾನ್‌ನಲ್ಲಿ ವಾಲ್ಯೂಮಿನ ಕಡತಗಳ ಮಾಲಿಕನ ಹೆಸರಿನ ಜಾಗದಲ್ಲಿ 100998ರಂತಹ ಸಂಖ್ಯೆ ಕಾಣುತ್ತದೆ. ಡೆಬಿಯನ್ ಇಮೇಜಾದರೆ ಕಂಟೇನರಿನ ಒಳಗೆ ಪೋಸ್ಟ್‌ಗ್ರೆಸ್‌ನ ಬಳಕೆದಾರ ಸಂಖ್ಯೆ 999. ನಿಮ್ಮ ಖಾತೆಗೆ 100000ದಿಂದ ಶುರುವಾಗುವ ಸಂಖ್ಯೆಗಳನ್ನು ಹಂಚಿದ್ದರೆ, ಒಳಗಿನ 1 ಹೊರಗೆ 100000 ಆಗಿ, ಒಳಗಿನ 999 ಹೊರಗೆ 100998 ಆಗಿ ಕಾಣುತ್ತದೆ. ಅದನ್ನು ‘ಸರಿಪಡಿಸಲು’ ಹೋಗಿ ಮಾಲಿಕತ್ವ ಬದಲಿಸಿದವರು ಡೇಟಾಬೇಸ್ ಏಳದೆ ಕಷ್ಟಪಡುವುದನ್ನು ನಾನು ನೋಡಿದ್ದೇನೆ, ಹಾಗೆಯೇ ಬಿಡಿ.

ತಾರೀಕು ಮತ್ತು ಚೌಕಗಳ ಎರಡು ತೊಂದರೆಗಳಿಗೂ ಕಾರಣ ಒಂದೇ: ಕಂಟೇನರಿಗೆ ಕಾಣುವುದು ತನ್ನ ಇಮೇಜಿನೊಳಗಿನ ಕಡತಗಳು ಮಾತ್ರ, ನಿಮ್ಮ ಉಬುಂಟುವಿನ ಸಮಯವಲಯವಾಗಲಿ ಅಕ್ಷರಗಳಾಗಲಿ ಅದಕ್ಕೆ ಗೊತ್ತಿಲ್ಲ. ಏನೂ ಹೇಳದಿದ್ದರೆ ಅದರ ಗಡಿಯಾರ ಯುಟಿಸಿಯಲ್ಲಿ ಓಡುತ್ತದೆ, ಅದು ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಿಗ್ಗೆ 5 ಗಂಟೆಗೆ ಕ್ಯಾನು ಹಿಡಿದು ಬಂದವರ ಹಾಲನ್ನು ನೀವು ಅಳೆಯುವಾಗ ಅಲ್ಲಿ ಹಿಂದಿನ ರಾತ್ರಿ 11.30. ಐದೂವರೆ ಕಳೆದು ಬಂದವರ ಚೀಟಿ ಸರಿಯಿರುತ್ತದೆ, ಸಂಜೆಯ ಹಾಲಿನ ಲೆಕ್ಕವೂ ಸರಿಯಿರುತ್ತದೆ, ಆದ್ದರಿಂದಲೇ ಇಂತಹ ತಪ್ಪು ಬಹುಕಾಲ ಕಣ್ಣಿಗೆ ಬೀಳುವುದಿಲ್ಲ. ತಿಂಗಳ ಮೊದಲ ದಿನ ಐದು ಗಂಟೆಗೆ ಹಾಲು ಕೊಟ್ಟವರ ಹಣ ಹಿಂದಿನ ತಿಂಗಳ ಪಟ್ಟಿಗೆ ಸೇರುತ್ತದೆ ಎಂಬುದನ್ನು ಗಮನಿಸಿ. ಕ್ವಾಡ್ಲೆಟ್ ಕಡತದಲ್ಲಿ ಸಮಯವಲಯವನ್ನು ‘ಏಷ್ಯಾ/ಕೋಲ್ಕತಾ’ ಎಂದು ಬರೆಯಿರಿ, ಡೇಟಾಬೇಸಿನ ಸ್ವಂತ ಸಮಯವಲಯವನ್ನೂ ಹಾಗೆಯೇ ಬದಲಿಸಿ. ಸಮಯವಲಯ ಸಹಿತ ಕ್ಷಣವನ್ನು ದಾಖಲಿಸುವ ಅಂಕಣವಾಗಿದ್ದರೆ ಹಳೆಯ ದಾಖಲೆಗಳು ತಾವಾಗಿ ಸರಿಯಾಗಿ ಕಾಣುತ್ತವೆ. ಬರಿಯ ತಾರೀಕನ್ನು ಉಳಿಸಿದ್ದರೆ ಐದೂವರೆಗಿಂತ ಮೊದಲಿನ ಸಾಲುಗಳನ್ನು ಪುಸ್ತಕದೊಂದಿಗೆ ತಾಳೆ ನೋಡಿ ತಿದ್ದಬೇಕು.

ಚೌಕಗಳಿಗೆ ಪರಿಹಾರ ಇಮೇಜು ಕಟ್ಟುವ ಕಡತದಲ್ಲಿದೆ. ಚಿಕ್ಕದಾಗಿರಲೆಂದು ಕಟ್ಟಿದ ಇಮೇಜುಗಳಲ್ಲಿ ಅಕ್ಷರವಿನ್ಯಾಸಗಳೇ ಇರುವುದಿಲ್ಲ. ಡೆಬಿಯನ್ ಆಧಾರಿತ ಇಮೇಜಾದರೆ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳ ಪ್ಯಾಕೇಜುಗಳನ್ನು ಸೇರಿಸಿ. ಮಲಯಾಳದಲ್ಲಿ ಹೆಸರು ಬರೆಸಿದ ಸದಸ್ಯರೂ ನಿಮ್ಮಲ್ಲಿ ಇರಬಹುದಾದ್ದರಿಂದ ರಚನಾ ಅಥವಾ ಮಂಜರಿಯನ್ನೂ ಸೇರಿಸಿ. ಫಾಂಟು ಹಾಕಿದ ಮೇಲೂ ಕೆಲಸ ಮುಗಿಯದಿರಬಹುದು. ‘ಪಳ್ಳತ್ತಡ್ಕ’ ಎಂಬ ಊರಿನ ಹೆಸರನ್ನು ಅಚ್ಚು ಮಾಡಿಸಿ ನೋಡಿ. ಒತ್ತಕ್ಷರಗಳು ಕೆಳಗೆ ಕೂರದೆ, ಅರ್ಧಾಕ್ಷರಗಳು ಒಂದರ ಪಕ್ಕ ಒಂದು ಬಿಡಿಬಿಡಿಯಾಗಿ ನಿಂತರೆ ನಿಮ್ಮ ಪಿಡಿಎಫ್ ಲೈಬ್ರರಿಗೆ ಭಾರತೀಯ ಲಿಪಿಗಳನ್ನು ಜೋಡಿಸಲು ಬರುವುದಿಲ್ಲ ಎಂದರ್ಥ. ಅಂತಹ ಜೋಡಣೆ ಬಲ್ಲ ಪ್ಯಾಂಗೋ ಮತ್ತು ಹಾರ್ಫ್‌ಬಝ್ ಬಳಸುವ ಲೈಬ್ರರಿಗೆ ಬದಲಿಸಬೇಕಾಗುತ್ತದೆ. ಸದಸ್ಯರು ಸಹಿ ಹಾಕುವ ಪಟ್ಟಿಯಲ್ಲಿ ಅವರ ಹೆಸರು ಅವರ ಲಿಪಿಯಲ್ಲಿ ಸರಿಯಾಗಿ ಇರಬೇಕು, ಅದನ್ನು ಇಂಗ್ಲಿಷಿಗೆ ಬದಲಿಸಿ ಸುಧಾರಿಸಿಕೊಳ್ಳಬೇಡಿ.

ಇಮೇಜಿನ ಹೆಸರಿನ ಕೊನೆಗೆ ‘ಲೇಟೆಸ್ಟ್’ ಎಂದು ಬರೆಯುವ ಅಭ್ಯಾಸವಿದ್ದರೆ ಬಿಡಿ. ಪೋಸ್ಟ್‌ಗ್ರೆಸ್ 16 ಬರೆದ ದತ್ತಾಂಶವನ್ನು 17 ನೇರವಾಗಿ ತೆರೆಯುವುದಿಲ್ಲ, ಡಂಪ್ ತೆಗೆದು ಹೊಸದಕ್ಕೆ ತುಂಬಿಸಬೇಕು. 18ರ ಇಮೇಜಿನಲ್ಲಿ ದತ್ತಾಂಶದ ಫೋಲ್ಡರಿನ ಜಾಗವೇ ಬದಲಾಗಿದೆ. ‘16’ ಎಂದು ಬರೆದರೆ ಸಣ್ಣ ತಿದ್ದುಪಡಿಗಳು ಬರುತ್ತವೆ, ದೊಡ್ಡ ಜಿಗಿತ ನಿಮ್ಮ ಅರಿವಿಲ್ಲದೆ ಆಗುವುದಿಲ್ಲ. ಹೊಸ ಇಮೇಜನ್ನು ಸೇವೆ ನಿಲ್ಲಿಸುವ ಮೊದಲೇ ಇಳಿಸಿಕೊಂಡಿರಿ. ನಿಧಾನದ ಇಂಟರ್‌ನೆಟ್‌ನಲ್ಲಿ ಸೇವೆ ಶುರುವಾಗುವಾಗ ಇಳಿಸಲು ಹೊರಟರೆ ಸಿಸ್ಟಮ್‌ಡಿಯ 90 ಸೆಕೆಂಡಿನ ಗಡುವು ಮೀರಿ ಹೋಗುತ್ತದೆ.

ಡೇಟಾಬೇಸಿನ ಪೋರ್ಟನ್ನು (ನೆಟ್‌ವರ್ಕಿನಿಂದ ಅದನ್ನು ತಲುಪುವ ಬಾಗಿಲನ್ನು) ಹೊರಗೆ ತೆರೆಯಲೇಬೇಡಿ, ಮೂರೂ ಕಂಟೇನರ್‌ಗಳು ಒಂದೇ ನೆಟ್‌ವರ್ಕಿನಲ್ಲಿದ್ದರೆ ಹೆಸರಿನಿಂದಲೇ ಮಾತಾಡಿಕೊಳ್ಳುತ್ತವೆ. ಡಾಕರ್ ತೆರೆದ ಪೋರ್ಟನ್ನು ಉಬುಂಟುವಿನ ಫೈರ್‌ವಾಲಾದ ಯುಎಫ್‌ಡಬ್ಲ್ಯೂ ತಡೆಯುವುದಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ, ಡಾಕರ್‌ನ ನಿಯಮಗಳು ಫೈರ್‌ವಾಲಿನ ನಿಯಮಗಳಿಗಿಂತ ಮೊದಲೇ ದಾರಿ ಮಾಡಿಕೊಡುತ್ತವೆ. ಸದಸ್ಯರ ಬ್ಯಾಂಕ್ ಖಾತೆ ಸಂಖ್ಯೆಗಳು ಆ ಡೇಟಾಬೇಸಿನಲ್ಲಿವೆ. ವೆಬ್ ಸರ್ವರಿಗೆ ಮಾತ್ರ ಪೋರ್ಟು ಬೇಕು. ರೂಟ್ ಇಲ್ಲದ ಖಾತೆಗೆ 1024ಕ್ಕಿಂತ ಕೆಳಗಿನ ಪೋರ್ಟು ಸಿಗದ ಕಾರಣ 8080 ಇಟ್ಟುಕೊಳ್ಳಿ.

ಬ್ಯಾಕಪ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ಓಡುತ್ತಿರುವ ಡೇಟಾಬೇಸಿನ ಫೋಲ್ಡರನ್ನು ನಕಲು ಮಾಡುವುದು ಬ್ಯಾಕಪ್ ಅಲ್ಲ, ಅದರಲ್ಲಿ ಅರ್ಧ ಬರೆದ ಪುಟಗಳಿರಬಹುದು. ದಿನವೂ ಸಂಜೆಯ ಹಾಲಿನ ನಂತರ ‘ಪಿಜಿ ಡಂಪ್’ ತೆಗೆಯುವ ಒಂದು ಸಿಸ್ಟಮ್‌ಡಿ ಟೈಮರ್ ಹಾಕಿ, ಅದಕ್ಕೆ ‘ಪರ್ಸಿಸ್ಟೆಂಟ್’ ಎಂಬ ಸಾಲು ಸೇರಿಸಿ. ಆ ಹೊತ್ತಿಗೆ ಕರೆಂಟು ಇರದಿದ್ದರೆ ಯಂತ್ರ ಎದ್ದ ಮೇಲೆ ತಪ್ಪಿದ ಬ್ಯಾಕಪ್ ನಡೆಯುತ್ತದೆ, ಕ್ರಾನ್‌ಗೆ ಈ ಗುಣವಿಲ್ಲ. ಬ್ಯಾಕಪ್‌ನ ಪ್ರತಿಯು ಯಂತ್ರದ ಹೊರಗೆ, ಸಾಧ್ಯವಾದರೆ ಕಟ್ಟಡದ ಹೊರಗೆ ಇರಲಿ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಯ ಸಿಡಿಲು ಯಂತ್ರವನ್ನೂ ಅದಕ್ಕೆ ಸಿಕ್ಕಿಸಿದ ಡ್ರೈವನ್ನೂ ಒಟ್ಟಿಗೆ ಸುಡುತ್ತದೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುವುದು ನಮ್ಮ ರೂಢಿ. ಅದು ತಪ್ಪಲ್ಲ, ಆದರೆ ಮೊದಲು ಯಂತ್ರವನ್ನು ಕ್ರಮದಲ್ಲಿ ನಿಲ್ಲಿಸಿ ಆಮೇಲೆ ಕೀಳಿ. ತಿಂಗಳಿಗೊಮ್ಮೆ ಆ ಡಂಪನ್ನು ಬೇರೆ ಲ್ಯಾಪ್‌ಟಾಪಿನಲ್ಲಿ ತೆರೆದು, ಯಾವುದಾದರೂ ಒಂದು ದಿನದ ಒಟ್ಟು ಲೀಟರನ್ನು ಪುಸ್ತಕದ ಮೊತ್ತದೊಂದಿಗೆ ಹೋಲಿಸಿ ನೋಡಿ.

ಕುಬರ್ನೆಟಿಸ್ ಬೇಡ. ಹತ್ತಾರು ಯಂತ್ರಗಳ ಮೇಲೆ ಕಂಟೇನರ್‌ಗಳನ್ನು ಹಂಚಿ, ಒಂದು ಯಂತ್ರ ಬಿದ್ದರೆ ಇನ್ನೊಂದಕ್ಕೆ ಸಾಗಿಸಲು ಅದನ್ನು ಕಟ್ಟಿದ್ದಾರೆ. ನಿಮ್ಮಲ್ಲಿರುವುದು ಒಂದೇ ಯಂತ್ರ, ಅದು ಬಿದ್ದರೆ ಸಾಗಿಸಲು ಬೇರೆ ಜಾಗವಿಲ್ಲ. ಹುಡುಗನ ಉತ್ಸಾಹ ಒಳ್ಳೆಯದು, ಅವನು ಅದನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಕಲಿಯಲಿ.

ಬದಲಾವಣೆಯನ್ನು ಬೆಳಗಿನ ಹಾಲು ಮುಗಿದು ಸಂಜೆಯ ಹಾಲು ಬರುವ ನಡುವೆ ಮಾಡಿ. ಆ ದಿನ ಕೈಬರಹದ ಪುಸ್ತಕವನ್ನೂ ತೆರೆದಿಡಿ. ಡಾಕರ್‌ನಿಂದ ಡಂಪ್ ತೆಗೆದು ಪೋಡ್‌ಮ್ಯಾನ್‌ನ ಹೊಸ ಡೇಟಾಬೇಸಿಗೆ ತುಂಬಿಸಿ, ಹಳೆಯ ಕಂಟೇನರ್‌ಗಳ ಪುನರಾರಂಭದ ನಿಯಮವನ್ನು ತೆಗೆದು ನಿಲ್ಲಿಸಿ, ಕ್ರಾನ್‌ನ ಹಳೆಯ ಸಾಲನ್ನೂ ತೆಗೆದುಹಾಕಿ. ಹಳೆಯ ಕಂಟೇನರ್‌ಗಳನ್ನು ಒಂದು ತಿಂಗಳು ಅಳಿಸಬೇಡಿ. ಯಂತ್ರದ ಬಯಾಸ್‌ನಲ್ಲಿ ಕರೆಂಟು ಬಂದೊಡನೆ ತಾನಾಗಿ ಏಳುವ ಆಯ್ಕೆಯನ್ನು ಹಾಕಿ. ಎಲ್ಲ ಮುಗಿದು ಅಂದಿನ ಬ್ಯಾಕಪ್ ಕೈಯಲ್ಲಿದೆ ಎಂದು ಖಚಿತವಾದ ಮೇಲೆ, ಸಂಜೆ ಯಾರೂ ಇಲ್ಲದ ಹೊತ್ತಿನಲ್ಲಿ ಯಂತ್ರ ಓಡುತ್ತಿರುವಾಗಲೇ ಮೈನ್ ಸ್ವಿಚ್ಚನ್ನು ಒಮ್ಮೆ ಆರಿಸಿ ಹಾಕಿ. ಕೀಬೋರ್ಡು ಮುಟ್ಟದೆ ಗಡಿಯಾರ ನೋಡುತ್ತ ಕುಳಿತು, ಚೀಟಿ ಬರೆಯುವ ಪುಟ ತಾನಾಗಿ ತೆರೆಯಲು ಎಷ್ಟು ಹೊತ್ತು ಬೇಕಾಯಿತೆಂದು ಗುರುತು ಹಾಕಿಕೊಳ್ಳಿ. ಐದು ನಿಮಿಷದೊಳಗೆ ತೆರೆಯದಿದ್ದರೆ ‘ಜರ್ನಲ್‌ಸಿಟಿಎಲ್’ ತೋರಿಸುವ ಆ ಹೊತ್ತಿನ ಸಾಲುಗಳನ್ನು ನನಗೆ ಬರೆದು ಕಳುಹಿಸಿ.